‘ಎಂಥದೂ ಆಗ್ಲಿಲ್ಲ ಡಾಕ್ಟ್ರೇ’: ತಲೆಗೆ ಪೆಟ್ಟು ಬಿದ್ದ ಮೇಲೆ

(ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಭಾನುವಾರ ಸಂಜೆ ಕನ್ನಡಿಗರ ಒಂದು ಕೂಟದಲ್ಲಿ ಆಡಿದ ಮಾತು. ಧ್ವನಿಮುದ್ರಣ ಕೇಳಿ ಬರೆದು, ಅಲ್ಲಲ್ಲಿ ತಿದ್ದಿದ್ದೇನೆ.)

2025ರ ಜನವರಿ 31ರಂದು ಪುಣೆಯ ಗಹುಂಜೆ ಸ್ಟೇಡಿಯಂನಲ್ಲಿ ಭಾರತ–ಇಂಗ್ಲೆಂಡ್ ಟಿ20 ಇತ್ತು. ಇಲ್ಲಿ ಕೂತವರಲ್ಲಿ ಅರ್ಧ ಜನ ನೋಡಿರುತ್ತೀರಿ. ನಮ್ಮ ಮುಂಬೈಯ ಶಿವಂ ದುಬೆ 53 ಹೊಡೆದರು. ಕೊನೆಯ ಓವರಿನಲ್ಲಿ ಒಂದು ಚೆಂಡು ಅವರ ಹೆಲ್ಮೆಟ್ಟಿಗೆ ಬಡಿಯಿತು. ಅವರ ಬದಲಿಗೆ ಹರ್ಷಿತ್ ರಾಣಾ ಬಂದು ಮೂರು ವಿಕೆಟ್ ತೆಗೆದರು. ಭಾರತ ಗೆದ್ದಿತು. ಆಮೇಲೆ ಶುರುವಾಯಿತು ಜಗಳ. ಬ್ಯಾಟಿಂಗ್ ಆಲ್‌ರೌಂಡರ್ ಜಾಗಕ್ಕೆ ವೇಗದ ಬೌಲರನ್ನು ತರಬಹುದಾ, ಇದು ಮೋಸ ಅಲ್ವಾ ಅಂತ. ನಮ್ಮ ಬಿಲ್ಡಿಂಗಿನ ವಾಟ್ಸಾಪ್ ಗುಂಪಿನಲ್ಲಿ ರಾತ್ರಿಯೆಲ್ಲ ಅದೇ ಮಾತು. ದುಬೆಯ ತಲೆ ಈಗ ಹೇಗಿದೆ ಅಂತ ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಸುಳ್ಳು ಯಾಕೆ ಹೇಳಲಿ.

ಕನ್‌ಕಷನ್ ಆದವರ, ಅಂದರೆ ಪೆಟ್ಟಿನಿಂದ ಮಿದುಳು ಅಲುಗಿದವರ ಬದಲಿಗೆ ಇನ್ನೊಬ್ಬರನ್ನು ಇಳಿಸುವ ಈ ನಿಯಮ ಟೆಸ್ಟ್ ಕ್ರಿಕೆಟ್ಟಿಗೆ ಬಂದದ್ದು 2019ರ ಆಗಸ್ಟಿನಲ್ಲಿ. ಅದೇ ತಿಂಗಳು ಲಾರ್ಡ್ಸ್‌ನಲ್ಲಿ ಇಂಗ್ಲೆಂಡಿನ ಜೋಫ್ರಾ ಆರ್ಚರ್ ಹಾಕಿದ ಬೌನ್ಸರ್ ಆಸ್ಟ್ರೇಲಿಯಾದ ಸ್ಟೀವ್ ಸ್ಮಿತ್ ಅವರ ಕುತ್ತಿಗೆಗೆ, ಕಿವಿಯ ಕೆಳಗೆ ಬಡಿಯಿತು. ಆಗ ಅವರು 80 ರನ್ ಹೊಡೆದಿದ್ದರು. ಹೊರಗೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿದರು. ಎಲ್ಲ ಸರಿ ಅನಿಸಿತು. ಮತ್ತೆ ಬಂದು 92ರವರೆಗೆ ಆಡಿದರು. ಮಾರನೆಯ ದಿನ ಬೆಳಿಗ್ಗೆ ಎದ್ದರೆ ತಲೆನೋವು, ಮಂಕು. ಆಗ ಅವರನ್ನು ಕೂರಿಸಿ ಲಬುಶೇನ್ ಅವರನ್ನು ಇಳಿಸಿದರು. ಮುಂದಿನ ಟೆಸ್ಟನ್ನೂ ಸ್ಮಿತ್ ಆಡಲಿಲ್ಲ. ಅದರ ಮುಂದಿನದ್ದರಲ್ಲಿ ಬಂದು 211 ಹೊಡೆದರು.

ಯೋಚನೆ ಮಾಡಿ. ಅಷ್ಟು ದೊಡ್ಡ ತಂಡ. ಮೈದಾನದ ಪಕ್ಕದಲ್ಲೇ ಡಾಕ್ಟರ್. ನಾಲ್ಕು ಕಡೆಯಿಂದ ಕ್ಯಾಮೆರಾ. ಅಷ್ಟೆಲ್ಲ ಇದ್ದೂ ಮೊದಲ ದಿನ ಗೊತ್ತಾಗದ್ದು, ನಮ್ಮ ಮನೆಯ ಬಚ್ಚಲಲ್ಲಿ ಜಾರಿ ಬಿದ್ದವರಿಗೆ ಐದೇ ನಿಮಿಷದಲ್ಲಿ ಗೊತ್ತಾಗಿಬಿಡುತ್ತದಾ?

ಆದರೆ ನಾವು ಐದು ನಿಮಿಷದಲ್ಲೇ ತೀರ್ಪು ಕೊಡುತ್ತೇವೆ. ಇಪ್ಪತ್ತು ವರ್ಷದಿಂದ ಆಸ್ಪತ್ರೆಯ ಕ್ಯಾಶುವಾಲಿಟಿಯಲ್ಲಿ, ಅಂದರೆ ತುರ್ತು ವಿಭಾಗದಲ್ಲಿ, ಡಾಕ್ಟರಾಗಿ ಕೆಲಸ ಮಾಡುತ್ತಿದ್ದೇನೆ. ನಮ್ಮ ಊರಿನವರು ಬಂದರೆ ಹೆಸರು ಹೇಳುವ ಮೊದಲೇ ಗೊತ್ತಾಗುತ್ತದೆ. ತಲೆಗೆ ಕರ್ಚೀಫ್ ಒತ್ತಿಕೊಂಡು ನಿಂತಿರುತ್ತಾರೆ. ಬಾಯಲ್ಲಿ ಒಂದೇ ಮಾತು: ‘ಎಂಥದೂ ಆಗ್ಲಿಲ್ಲ ಡಾಕ್ಟ್ರೇ, ಇವರು ಸುಮ್ನೆ ಕರ್ಕೊಂಡು ಬಂದ್ರು.’ ಇವತ್ತು ನಾನು ಮಾತಾಡಲು ಬಂದಿರುವುದೇ ಈ ಒಂದು ವಾಕ್ಯದ ಬಗ್ಗೆ.

ಮೊದಲು, ತಲೆಯೊಳಗೆ ಆಗುವುದೇನು? ನೀವೆಲ್ಲ ಲೋಕಲ್ ರೈಲಿನಲ್ಲಿ ಓಡಾಡುವವರು. ಕುರ್ಲಾ ದಾಟಿದ ಮೇಲೆ ಗಾಡಿ ಗಕ್ಕನೆ ಬ್ರೇಕ್ ಹಾಕಿತು ಅಂದುಕೊಳ್ಳಿ. ಬೋಗಿಗೆ ಏನಾಯಿತು? ಏನೂ ಇಲ್ಲ, ಒಂದು ಗೀರೂ ಇಲ್ಲ. ಒಳಗೆ ನಿಂತವರು? ಒಬ್ಬರ ಮೇಲೊಬ್ಬರು. ಒಬ್ಬರ ಡಬ್ಬಿ ಇನ್ನೊಬ್ಬರ ಕಾಲಡಿಗೆ, ಯಾರದ್ದೋ ಮೊಣಕೈ ಯಾರದ್ದೋ ಮೂಗಿಗೆ. ನಾಲ್ಕನೇ ಸೀಟಿನಲ್ಲಿ ತುದಿಯಲ್ಲಿ ಕೂತವರು ನೆಲಕ್ಕೆ. ಎಲ್ಲ ಮತ್ತೆ ಸರಿಯಾಗಿ ನಿಲ್ಲಲು ಎರಡು ಸ್ಟೇಷನ್ ಬೇಕು. ಕನ್‌ಕಷನ್ ಅಂದರೆ ಇದೇ. ಬುರುಡೆ ಬೋಗಿ, ಮಿದುಳು ಒಳಗಿನ ಜನ.

ನಮ್ಮ ಮಿದುಳು ಸುಮಾರು ಒಂದೂಕಾಲು ಕಿಲೋ ತೂಗುತ್ತದೆ. ತುಂಬ ಮೆತ್ತಗೆ, ಎಳನೀರು ಬೊಂಡದ ಒಳಗಿನ ಗಂಜಿಯ ಹಾಗೆ. ಸುತ್ತ ಸ್ವಲ್ಪ ನೀರಿನಲ್ಲಿ ತೇಲಿಕೊಂಡಿರುತ್ತದೆ. ತಲೆ ಜೋರಾಗಿ ಅಲುಗಿದರೆ ಅದು ಒಳಗೆ ಅಲುಗುತ್ತದೆ, ತಿರುಚುತ್ತದೆ. ನರಕೋಶಗಳ ಒಳಗಿರಬೇಕಾದ ಪೊಟ್ಯಾಸಿಯಂ ಹೊರಗೆ ಬರುತ್ತದೆ, ಹೊರಗಿರಬೇಕಾದ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಅದನ್ನೆಲ್ಲ ವಾಪಸ್ ತರಲು ಕೋಶಗಳು ಡಬಲ್ ಡ್ಯೂಟಿ ಮಾಡಬೇಕು. ಅದಕ್ಕೆ ಜಾಸ್ತಿ ಸಕ್ಕರೆ ಬೇಕು. ಆದರೆ ಅದೇ ಹೊತ್ತಿಗೆ ರಕ್ತದ ಹರಿವು ಕಡಿಮೆಯಾಗಿರುತ್ತದೆ. ಮದುವೆ ಮನೆಯಲ್ಲಿ ಪಂಕ್ತಿ ಕೂತಿದೆ, ಗ್ಯಾಸ್ ಸಿಲಿಂಡರ್ ಖಾಲಿಯಾಗಿದೆ, ಹಾಗೆ. ಈ ಹೊಂದಾಣಿಕೆ ತಪ್ಪಿರುವ ದಿನಗಳಲ್ಲೇ ತಲೆನೋವು, ಸುಸ್ತು, ಮಂಕು ಎಲ್ಲ.

ತಲೆಗೇ ಪೆಟ್ಟು ಬೀಳಬೇಕು ಅಂತಲೂ ಇಲ್ಲ. ಬೈಕಿಗೆ ಹಿಂದಿನಿಂದ ಕಾರು ಗುದ್ದಿ ಕುತ್ತಿಗೆ ಜೋರಾಗಿ ಜಗ್ಗಿದರೂ ಸಾಕು. ಹೆಲ್ಮೆಟ್ ಹಾಕಿದ್ದೆ ಅಂತ ಸಮಾಧಾನವೂ ಬೇಡ. ಹೆಲ್ಮೆಟ್ ಬುರುಡೆ ಒಡೆಯದಂತೆ ಕಾಯುತ್ತದೆ, ಜೀವ ಉಳಿಸುತ್ತದೆ. ಒಳಗಿನ ಅಲುಗಾಟವನ್ನು ಪೂರ್ತಿ ತಡೆಯುವುದು ಅದರ ಕೈಯಲ್ಲಿಲ್ಲ. ಅದಕ್ಕೆ ಹೆಲ್ಮೆಟ್ಟೇ ಬೇಡ ಅಂತ ಪುಣೆಯ ನಮ್ಮ ಭಾವನವರ ಹಾಗೆ ವಾದ ಮಾಡಬೇಡಿ. ಆ ಊರಲ್ಲಿ ಹೆಲ್ಮೆಟ್ ವಿರುದ್ಧ ಆಂದೋಲನವೇ ನಡೆದಿದೆ, ಭಾವ ಅದರ ಹಳೆಯ ಅಭಿಮಾನಿ.

ಇನ್ನು ಪ್ರಜ್ಞೆ ತಪ್ಪುವ ವಿಷಯ. ‘ಪ್ರಜ್ಞೆ ತಪ್ಪಿತ್ತಾ?’ ‘ಇಲ್ಲ.’ ‘ಹಾಗಾದ್ರೆ ಬಿಡಿ.’ ಇದು ನಮ್ಮ ಜನರ ಪರೀಕ್ಷೆ. ಕನ್‌ಕಷನ್ ಆದವರಲ್ಲಿ ಬಹುಪಾಲು ಜನರಿಗೆ ಪ್ರಜ್ಞೆ ತಪ್ಪುವುದೇ ಇಲ್ಲ. ಎದ್ದು ನಿಲ್ಲುತ್ತಾರೆ, ಬಟ್ಟೆ ಕೊಡವಿಕೊಳ್ಳುತ್ತಾರೆ, ಮಾತಾಡುತ್ತಾರೆ. ತಲೆ ಮೇಲೆ ಬುಗುಟು ಬಂತಾ ಅನ್ನುವುದೂ ಹಾಗೆಯೇ. ಬುಗುಟು ಚರ್ಮದ ಕೆಳಗಿನ ರಕ್ತ. ದೊಡ್ಡ ಬುಗುಟು ಬಂದು ಒಳಗೆ ಏನೂ ಆಗದೆ ಇರಬಹುದು. ಬುಗುಟೇ ಇಲ್ಲದೆ ಒಳಗೆ ಎಡವಟ್ಟಾಗಿರಲೂಬಹುದು.

ಹಾಗಾದರೆ ಏನನ್ನು ನೋಡಬೇಕು? ಮಾತನ್ನು ನೋಡಿ. ‘ನಾನು ಎಲ್ಲಿ ಬಿದ್ದೆ?’ ಅಂತ ಕೇಳುತ್ತಾರೆ, ನೀವು ಹೇಳುತ್ತೀರಿ. ಎರಡು ನಿಮಿಷ ಬಿಟ್ಟು ಮತ್ತೆ ಅದೇ ಪ್ರಶ್ನೆ, ಮತ್ತೆ ಅದೇ. ಇದು ತಮಾಷೆಯಲ್ಲ, ಹೊಸದನ್ನು ನೆನಪಿಟ್ಟುಕೊಳ್ಳುವ ಯಂತ್ರ ನಿಂತಿದೆ ಅಂತ ಅರ್ಥ. ಉತ್ತರ ಕೊಡಲು ಜಾಸ್ತಿ ಹೊತ್ತು ತೆಗೆದುಕೊಳ್ಳುವುದು, ಸುಮ್ನೆ ಒಂದೇ ಕಡೆ ನೋಡುತ್ತಾ ಕೂರುವುದು, ನಡೆಯುವಾಗ ಓಲಾಡುವುದು, ವಾಂತಿ ಬಂದ ಹಾಗೆ ಆಗುವುದು, ಬೆಳಕು ಚುಚ್ಚುವುದು, ಶಬ್ದ ತಡೆಯಲಾಗದಿರುವುದು, ಕಾರಣ ಇಲ್ಲದೆ ಅಳು ಅಥವಾ ಸಿಟ್ಟು. ಮೈದಾನದಲ್ಲಿ ಕೇಳಲು ಸುಲಭದ ಪ್ರಶ್ನೆಗಳಿವೆ. ನಾವೀಗ ಯಾವ ಗ್ರೌಂಡಿನಲ್ಲಿದ್ದೇವೆ? ಹಿಂದಿನ ಮ್ಯಾಚ್ ಯಾರ ಜೊತೆ ಆಡಿದೆವು, ಗೆದ್ದೆವಾ? ಡಿಸೆಂಬರಿನಿಂದ ಹಿಂದಕ್ಕೆ ತಿಂಗಳುಗಳ ಹೆಸರು ಹೇಳು. ಇಂಗ್ಲಿಷ್ ತಿಂಗಳನ್ನೇ ಕೇಳಿ ಮತ್ತೆ. ಫಾಲ್ಗುಣದಿಂದ ಹಿಂದಕ್ಕೆ ಕೇಳಿದರೆ ಪೆಟ್ಟು ಬೀಳದವರೂ ಮಾರ್ಗಶಿರದಲ್ಲಿ ಸಿಕ್ಕಿಬೀಳುತ್ತಾರೆ, ನಾನೂ ಸೇರಿ.

ಭಾಷೆಯ ಮಾತು ಬಂತು, ಒಂದು ಸಂಗತಿ ಹೇಳಿಬಿಡುತ್ತೇನೆ. ಇಲ್ಲಿನ ಆಸ್ಪತ್ರೆಯಲ್ಲಿ ನಮ್ಮವರು ಹಿಂದಿಯಲ್ಲಿ ‘ಚಕ್ಕರ್ ಆತಾ ಹೈ’ ಅನ್ನುತ್ತಾರೆ. ಎಲ್ಲದಕ್ಕೂ ಅದೊಂದೇ. ಆದರೆ ನಮ್ಮಲ್ಲಿ ಇದಕ್ಕೆ ಎಷ್ಟು ಮಾತುಗಳಿವೆ ನೋಡಿ. ತಲೆ ಸುತ್ತುವುದು ಬೇರೆ, ಕಣ್ಣು ಕತ್ತಲೆ ಬರುವುದು ಬೇರೆ, ತಲೆ ಭಾರ ಬೇರೆ, ಮಂಪರು ಬೇರೆ, ಮಂಕು ಬಡಿದ ಹಾಗೆ ಆಗುವುದು ಬೇರೆ. ನನಗೆ ಇವು ಐದು ಬೇರೆ ಬೇರೆ ಸುದ್ದಿ. ಮಂಪರು ಹೆಚ್ಚಾಗುತ್ತಿದೆ ಅಂದರೆ ನಾನು ಓಡಬೇಕು. ಮಂಕು ಅಂದರೆ ಕೂತು ಮಾತಾಡಬಹುದು. ಹಾಗಾಗಿ ಜೊತೆಗೆ ಹೋಗುವವರಲ್ಲಿ ಕನ್ನಡ ಬಲ್ಲವರು ಒಬ್ಬರಿರಲಿ. ಪೆಟ್ಟು ಬಿದ್ದವರು ಮನೆಮಾತಿನಲ್ಲಿ ಹೇಳಲಿ, ತುಳುವಾದರೆ ತುಳು. ಜೊತೆಗಿದ್ದವರು ಬಿಡಿಸಿ ಹೇಳಲಿ.

ನನಗೇ ಆದದ್ದನ್ನು ಹೇಳುತ್ತೇನೆ. ಕೆಲವು ವರ್ಷದ ಹಿಂದೆ, ಜುಲೈ ತಿಂಗಳು, ಮಳೆ. ಸ್ಟೇಷನ್ನಿನ ಮೆಟ್ಟಿಲು ಇಳಿಯುವಾಗ ಚಪ್ಪಲಿ ಜಾರಿತು. ತಲೆಯ ಹಿಂಭಾಗ ಮೆಟ್ಟಿಲಿನ ಅಂಚಿಗೆ ಬಡಿಯಿತು. ನಾಲ್ಕು ಜನ ಎತ್ತಿ ಕೂರಿಸಿದರು. ಒಬ್ಬ ಹುಡುಗ ಕೇಳಿದ, ‘ಲಾಗ್ಲಂ ಕಾ ತಾಯಿ?’ ಪೆಟ್ಟಾಯಿತಾ ಅಕ್ಕ, ಅಂತ. ಮರಾಠಿಯಲ್ಲಿ ತಾಯಿ ಅಂದರೆ ಅಕ್ಕ. ಈ ಊರಲ್ಲಿ ದಿನಕ್ಕೆ ನೂರು ಸಲ ಕೇಳುವ ಶಬ್ದ. ನನಗೆ ಆ ಗಳಿಗೆಯಲ್ಲಿ ಅದು ಕನ್ನಡವಾಗಿ ಕೇಳಿಸಿತು. ‘ತಾಯಿ ಕಾರ್ಕಳದಲ್ಲಿದ್ದಾರೆ’ ಅಂತ ಕನ್ನಡದಲ್ಲೇ ಉತ್ತರ ಕೊಟ್ಟೆ. ಆ ಹುಡುಗ ಏನಂದುಕೊಂಡನೋ!

ಈಗ ನೀವು ನಗುತ್ತಿದ್ದೀರಿ. ಆದರೆ ಆ ಉತ್ತರದಲ್ಲೇ ಎಲ್ಲ ಇತ್ತು. ಬೇರೆ ಯಾರಾದರೂ ಹಾಗೆ ಹೇಳಿದ್ದರೆ ನಾನು ಅವರನ್ನು ಮನೆಗೆ ಕಳಿಸುತ್ತಿರಲಿಲ್ಲ. ನಾನು ಮಾತ್ರ ‘ಎಂಥದೂ ಆಗ್ಲಿಲ್ಲ’ ಅಂತ ಎದ್ದು ಮುಂದಿನ ಗಾಡಿ ಹಿಡಿದು ಡ್ಯೂಟಿಗೆ ಹೋದೆ. ದಾರಿಯುದ್ದಕ್ಕೂ ಲೇಡೀಸ್ ಡಬ್ಬಿಯ ಗಲಾಟೆ ತಲೆಯೊಳಗೆ ಸುತ್ತಿಗೆಯಲ್ಲಿ ಹೊಡೆದ ಹಾಗೆ. ವಾರ್ಡಿನ ಟ್ಯೂಬ್‌ಲೈಟ್ ನೋಡಲಾಗುತ್ತಿಲ್ಲ. ಮಧ್ಯಾಹ್ನ ಒಬ್ಬ ರೋಗಿಗೆ ಕೊಡಬೇಕಾದ ಒಂದೇ ಇಂಜೆಕ್ಷನ್ನನ್ನು ಚಾರ್ಟಿನಲ್ಲಿ ಎರಡು ಸಲ ಬರೆದಿದ್ದೆ. ಸಿಸ್ಟರ್ ನೋಡಿ ಹಿಡಿದರು, ಪುಣ್ಯ. ಅವರು ಕೇರಳದವರು, ನನಗಿಂತ ಸೀನಿಯರ್. ‘ಡಾಕ್ಟರ್, ನೀವು ಈಗ ಪೇಶಂಟ್’ ಅಂತ ಹೇಳಿ ಆಟೋ ಹತ್ತಿಸಿದರು. ಆಮೇಲೆ ನಾಲ್ಕು ದಿನ ಮನೆಯಲ್ಲಿ ಕುಕ್ಕರ್ ಕೂಗಿದರೆ ಮಗಳ ಮೇಲೆ ರೇಗುತ್ತಿದ್ದೆ. ತಪ್ಪು ಬರೆದದ್ದು ನಾನು, ಇನ್ನೊಬ್ಬರ ಮೈಗೆ ಹೋಗಬೇಕಾಗಿದ್ದ ಔಷಧ ಅದು. ಡ್ರೈವರ್, ಎಲೆಕ್ಟ್ರೀಶಿಯನ್, ಕಾದ ಎಣ್ಣೆಯ ಮುಂದೆ ನಿಲ್ಲುವ ಅಡುಗೆಯವರು, ಇವರಿಗೆಲ್ಲ ನಾನು ರಜೆ ಬರೆದುಕೊಡುವಾಗ ಯಾಕೆ ಅಷ್ಟು ಹಟ ಮಾಡುತ್ತೇನೆ ಅಂತ ಈಗ ಗೊತ್ತಾಯಿತಲ್ಲ.

ಈಗ ಗಂಭೀರ ಭಾಗಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಧಾನ ಮಾಡೋಣ.

ಕನ್‌ಕಷನ್ ತಾನಾಗಿ ಜೀವ ತೆಗೆಯುವ ಕಾಯಿಲೆ ಅಲ್ಲ. ನಮಗೆ ಭಯ ಇರುವುದು ಒಳಗೆ ರಕ್ತ ಸೋರುವುದರ ಬಗ್ಗೆ. ಎರಡೂ ಶುರುವಿನಲ್ಲಿ ಒಂದೇ ಥರ ಕಾಣಬಹುದು. ರಮಣ್ ಲಾಂಬಾ ಅಂತ ಇದ್ದರು, ದೆಹಲಿಯ ಬ್ಯಾಟ್ಸ್‌ಮನ್, ಭಾರತಕ್ಕೂ ಆಡಿದವರು. ನಮ್ಮ ವಯಸ್ಸಿನವರಿಗೆ ನೆನಪಿರುತ್ತದೆ. 1998ರ ಫೆಬ್ರವರಿಯಲ್ಲಿ ಢಾಕಾದಲ್ಲಿ ಕ್ಲಬ್ ಮ್ಯಾಚು. ಓವರಿನಲ್ಲಿ ಮೂರೇ ಚೆಂಡು ಬಾಕಿ. ಬ್ಯಾಟ್ಸ್‌ಮನ್‌ಗೆ ತೀರ ಹತ್ತಿರ, ಶಾರ್ಟ್ ಲೆಗ್‌ನಲ್ಲಿ ನಿಂತರು. ಮೂರು ಚೆಂಡಿಗೆ ಹೆಲ್ಮೆಟ್ ಯಾಕೆ ಅಂದರು. ಹೊಡೆದ ಚೆಂಡು ತಲೆಗೆ ಬಡಿದು ಪುಟಿದು ಕೀಪರ್ ಕೈಗೆ ಹೋಯಿತು, ಬ್ಯಾಟ್ಸ್‌ಮನ್ ಔಟ್. ಲಾಂಬಾ ಎದ್ದು ತಾವೇ ನಡೆದುಕೊಂಡು ಡ್ರೆಸ್ಸಿಂಗ್ ರೂಮಿಗೆ ಹೋದರು. ಸ್ವಲ್ಪ ಹೊತ್ತಿನಲ್ಲೇ ಹದಗೆಟ್ಟಿತು. ಆಪರೇಷನ್ ಮಾಡಿದರೂ ಉಳಿಯಲಿಲ್ಲ. ಮೂರನೆಯ ದಿನ ಹೋಗಿಬಿಟ್ಟರು. 38 ವರ್ಷ.

ನಡೆದುಕೊಂಡು ಹೋದರು ಅನ್ನುವ ಮಾತನ್ನು ಹಿಡಿದುಕೊಳ್ಳಿ. ಕಣತಲೆಯ ಹತ್ತಿರ ಮೂಳೆ ತೆಳ್ಳಗೆ, ಅದರ ಒಳಗಡೆ ಒಂದು ರಕ್ತನಾಳ ಅಂಟಿಕೊಂಡೇ ಹೋಗುತ್ತದೆ. ಮೂಳೆ ಸೀಳಿ ಅದು ಹರಿದರೆ ರಕ್ತ ನಿಧಾನವಾಗಿ ತುಂಬುತ್ತಾ ಬರುತ್ತದೆ. ತುಂಬುವವರೆಗೆ ಮನುಷ್ಯ ಚೆನ್ನಾಗಿರುತ್ತಾನೆ, ಚಹಾ ಕುಡಿಯುತ್ತಾನೆ, ಮನೆಗೆ ಫೋನ್ ಮಾಡುತ್ತಾನೆ. ಬುರುಡೆ ಉಬ್ಬುವುದಿಲ್ಲ, ಜಾಗ ಮುಗಿದ ಮೇಲೆ ಮಿದುಳನ್ನೇ ಒತ್ತುತ್ತದೆ. ಈ ನಡುವಿನ ಚೆನ್ನಾಗಿರುವ ಹೊತ್ತೇ ನಮಗೆ ಸಿಕ್ಕ ಸಮಯ. ಅದನ್ನು ನಾವು ‘ಎಂಥದೂ ಆಗ್ಲಿಲ್ಲ’ ಅಂತ ಹೇಳಿಯೇ ಕಳೆಯುವುದು.

ಹಾಗಾಗಿ ಇವುಗಳಲ್ಲಿ ಒಂದು ಕಂಡರೂ ಕಾಯಬೇಡಿ. ತಲೆನೋವು ಗಂಟೆ ಗಂಟೆಗೆ ಹೆಚ್ಚಾಗುವುದು. ಮತ್ತೆ ಮತ್ತೆ ವಾಂತಿ. ಫಿಟ್ಸ್. ಎಬ್ಬಿಸಿದರೆ ಸರಿಯಾಗಿ ಏಳದಿರುವುದು. ಮಾತು ತೊದಲುವುದು, ಒಂದು ಕೈ ಅಥವಾ ಕಾಲಿನ ಶಕ್ತಿ ಕಡಿಮೆಯಾಗುವುದು. ಒಂದು ಕಣ್ಣಿನ ಪಾಪೆ ದೊಡ್ಡದು, ಇನ್ನೊಂದು ಚಿಕ್ಕದು. ಒಂದೇ ವಸ್ತು ಎರಡಾಗಿ ಕಾಣುವುದು. ಮನೆಯವರ ಗುರುತು ಸಿಗದೆ ಗಲಾಟೆ ಮಾಡುವುದು. ಮೂಗಿನಿಂದಲೋ ಕಿವಿಯಿಂದಲೋ ನೀರಿನಂಥದ್ದು ಅಥವಾ ರಕ್ತ ಸುರಿಯುವುದು. ಕಿವಿಯ ಹಿಂದೆ ಅಥವಾ ಎರಡೂ ಕಣ್ಣಿನ ಸುತ್ತ ನೀಲಿಯಾಗುವುದು. ಎಳೆ ಮಗುವಾದರೆ ಹಾಲು ಕುಡಿಯದಿರುವುದು, ಸಮಾಧಾನವೇ ಆಗದ ಅಳು, ನೆತ್ತಿಯ ಮೆತ್ತನೆ ಭಾಗ ಉಬ್ಬಿರುವುದು.

ಇಂಥ ಹೊತ್ತಿನಲ್ಲಿ 108ಕ್ಕೆ ಫೋನ್ ಮಾಡಿ. ಕುತ್ತಿಗೆ ನೋವು ಇದ್ದರೆ ಅಲುಗಾಡಿಸಬೇಡಿ, ಬಿದ್ದಲ್ಲೇ ಮಲಗಿರಲಿ. ವಾಂತಿ ಬಂದರೆ ತಲೆ, ಕುತ್ತಿಗೆ, ಮೈ ಮೂರೂ ಒಟ್ಟಿಗೆ ಹೊರಳುವ ಹಾಗೆ ಪಕ್ಕಕ್ಕೆ ತಿರುಗಿಸಿ. ಉಸಿರಾಟಕ್ಕೆ ತೊಂದರೆ ಇಲ್ಲದಿದ್ದರೆ ಹೆಲ್ಮೆಟ್ ಎಳೆಯಬೇಡಿ. ಬಾಯಿಗೆ ನೀರು ಬಿಡಬೇಡಿ. ಫಿಟ್ಸ್ ಬಂದರೆ ಕೈಗೆ ಕಬ್ಬಿಣದ ಬೀಗದಕೈ ಕೊಡುವುದು, ಮೂಗಿಗೆ ಈರುಳ್ಳಿ, ಚಪ್ಪಲಿ ಹಿಡಿಯುವುದು ಎಲ್ಲ ಬೇಡ. ಗಾಯಕ್ಕೆ ಕಾಫಿಪುಡಿಯನ್ನೂ ತುಂಬಬೇಡಿ. ಅದನ್ನು ತೊಳೆದು ತೆಗೆಯಲು ನಮಗೆ ಅರ್ಧ ಗಂಟೆ. ಶುದ್ಧ ಬಟ್ಟೆ ಇಟ್ಟು ಒತ್ತಿ ಹಿಡಿದರೆ ಸಾಕು. ಕೆಳಗೆ ಮೂಳೆ ತಗ್ಗಾದ ಹಾಗೆ ಅನಿಸಿದರೆ ಮಾತ್ರ ಒತ್ತಬೇಡಿ.

ರಸ್ತೆಯಲ್ಲಿ ಬಿದ್ದವರನ್ನು ಕರೆದುಕೊಂಡು ಹೋದರೆ ಪೊಲೀಸ್ ತಾಪತ್ರಯ ಅಂತ ಹೆದರಿಕೆ ಇರುತ್ತದೆ. ಸಹಾಯ ಮಾಡಿದವರಿಗೆ ಕಿರುಕುಳ ಆಗಬಾರದು ಅಂತ 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೇ ಅದು ಸೇರಿದೆ. ನಿಮ್ಮ ಹೆಸರು ಕೊಡಲೇಬೇಕು ಅಂತಿಲ್ಲ. ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸುವ ಕಾಗದ, ಬರೆಯುವುದು ಆಸ್ಪತ್ರೆಯ ಕೆಲಸ. ನೀವು ಹೇಗೆ ಬಿದ್ದರು ಅಂತ ಹೇಳಿ ಹೊರಡಬಹುದು. ಹೇಗೆ ಬಿದ್ದರು ಅನ್ನುವುದು ಮಾತ್ರ ನಮಗೆ ಬೇಕೇ ಬೇಕು.

ಹಿರಿಯರ ವಿಷಯ ಬೇರೆಯೇ. ವಯಸ್ಸಾದ ಹಾಗೆ ಮಿದುಳು ಸ್ವಲ್ಪ ಕುಗ್ಗುತ್ತದೆ. ಒಣಗಿದ ಕಾಯಿಯೊಳಗೆ ಕೊಬ್ಬರಿ ಗಿಟುಕು ಲೊಡಲೊಡ ಅನ್ನುವುದಿಲ್ಲವೇ, ಅಷ್ಟು ಅಲ್ಲದಿದ್ದರೂ ಹಾಗೆ ಜಾಗ ಆಗುತ್ತದೆ. ಮಿದುಳಿನಿಂದ ಹೊದಿಕೆಗೆ ಹೋಗುವ ಸಣ್ಣ ಸಣ್ಣ ರಕ್ತನಾಳಗಳು ಎಳೆದುಕೊಂಡಿರುತ್ತವೆ. ಬಾಗಿಲಿನ ಚೌಕಟ್ಟಿಗೆ ತಲೆ ತಾಗಿದರೂ ಹರಿಯಬಹುದು. ರಕ್ತ ಹನಿ ಹನಿಯಾಗಿ ಸೇರಿ ಎರಡು, ಮೂರು ವಾರದ ಮೇಲೆ ತೋರಿಸಿಕೊಳ್ಳುತ್ತದೆ. ಅಷ್ಟರಲ್ಲಿ ಬಿದ್ದದ್ದೇ ಮರೆತುಹೋಗಿರುತ್ತದೆ. ‘ಅಜ್ಜನಿಗೆ ಈಚೆಗೆ ಅರಳುಮರಳು’ ಅನ್ನುತ್ತೇವೆ. ಅರಳುಮರಳು ಒಂದು ವಾರದಲ್ಲಿ ಬರುವುದಿಲ್ಲ. ಹಾರ್ಟಿಗೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳ್ಳಗೆ ಮಾಡುವ ಮಾತ್ರೆ ನುಂಗುವವರು ಈ ಸಭೆಯಲ್ಲೇ ಹತ್ತಿಪ್ಪತ್ತು ಜನ ಇದ್ದೀರಿ. ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್. ನಿಮಗೆ ತಲೆಗೆ ಜೋರಾಗಿ ಪೆಟ್ಟು ಬಿದ್ದರೆ ಲಕ್ಷಣ ಬರಲಿ ಅಂತ ಕಾಯುವ ಪ್ರಶ್ನೆಯೇ ಇಲ್ಲ, ನೇರ ಆಸ್ಪತ್ರೆ. ಮಾತ್ರೆಯ ಚೀಟಿ ಜೊತೆಗಿರಲಿ. ಹೆದರಿ ಮಾತ್ರೆಯನ್ನು ನೀವೇ ನಿಲ್ಲಿಸಲೂಬೇಡಿ.

ಸಿಟಿ ಸ್ಕ್ಯಾನ್ ಬಗ್ಗೆ ಎರಡು ಥರದ ಜಗಳ ಆಗುತ್ತದೆ ನಮ್ಮಲ್ಲಿ. ‘ಯಾಕೆ ಸುಮ್ನೆ ಸ್ಕ್ಯಾನ್?’ ಅಂತ ಒಂದು, ‘ಯಾಕೆ ಸ್ಕ್ಯಾನ್ ಮಾಡ್ಲಿಲ್ಲ?’ ಅಂತ ಇನ್ನೊಂದು. ಯಾರಿಗೆ ಬೇಕು ಅನ್ನುವುದಕ್ಕೆ ಕೆನಡಾದ ವೈದ್ಯರು 2001ರಲ್ಲಿ ಒಂದು ನಿಯಮ ಮಾಡಿದರು. ಪೆಟ್ಟು ಬಿದ್ದು ಪ್ರಜ್ಞೆ ತಪ್ಪಿದವರು, ನೆನಪು ಹೋದವರು, ಗಲಿಬಿಲಿಯಾದವರಿಗೆ ಅದು. ಅಂಥವರಲ್ಲಿ 65 ದಾಟಿದೆಯಾ, ಎರಡು ಸಲ ವಾಂತಿ ಆಯಿತಾ, ಮೂರು ಅಡಿ ಅಥವಾ ಐದು ಮೆಟ್ಟಿಲಿಗಿಂತ ಎತ್ತರದಿಂದ ಬಿದ್ದರಾ, ಹೀಗೆ ಕೆಲವು ಪ್ರಶ್ನೆ. ಇಂಥ ಪ್ರಶ್ನೆ ಕೇಳಿಯೇ ಡಾಕ್ಟರು ತೀರ್ಮಾನ ಮಾಡುತ್ತಾರೆ. ಮಕ್ಕಳಿಗೆ ನಾವು ಇನ್ನೂ ಹಿಂದೆ ಮುಂದೆ ನೋಡುತ್ತೇವೆ, ಅದು ಎಕ್ಸ್‌ರೇ ಕಿರಣ ತಾನೆ. ಕೆಲವು ಗಂಟೆ ಕೂರಿಸಿಕೊಂಡು ನೋಡುವುದೂ ಒಂದು ಪರೀಕ್ಷೆಯೇ.

ಆದರೆ ನಾನು ಒತ್ತಿ ಹೇಳಬೇಕಾದದ್ದು ಇದು. ಸಿಟಿ ನಾರ್ಮಲ್ ಬಂತು ಅಂದರೆ ರಕ್ತ ಸೋರಿಲ್ಲ, ಮೂಳೆ ಮುರಿದಿಲ್ಲ ಅಂತ ಮಾತ್ರ. ಅದು ಬೋಗಿಯ ಫೋಟೊ. ಒಳಗೆ ಯಾರ ಡಬ್ಬಿ ಎಲ್ಲಿ ಬಿತ್ತು ಅಂತ ಅದರಲ್ಲಿ ಕಾಣುವುದಿಲ್ಲ. ಕನ್‌ಕಷನ್ ಆದವರ ಸಿಟಿ ಸಾಮಾನ್ಯವಾಗಿ ನಾರ್ಮಲ್ಲೇ ಇರುತ್ತದೆ. ‘ರಿಪೋರ್ಟ್ ನಾರ್ಮಲ್, ಆದ್ರೂ ತಲೆನೋವು ಅಂತಾನೆ, ಕೆಲಸಕ್ಕೆ ಕಳ್ಳಾಟ’ ಅಂತ ಒಬ್ಬ ಧಣಿ ನನ್ನೆದುರೇ ತಮ್ಮ ಹುಡುಗನಿಗೆ ಬೈದರು. ಕಳ್ಳಾಟ ಅಲ್ಲ ಸ್ವಾಮಿ, ಆ ಹುಡುಗನಿಗೆ ಸಾಂಬಾರಿನ ಬಕೆಟ್ ಹಿಡಿದು ನಡೆದರೆ ನೆಲ ಓಲಾಡುತ್ತದೆ.

ಸರಿ, ಅಪಾಯದ ಲಕ್ಷಣ ಇಲ್ಲ, ಡಾಕ್ಟರ್ ನೋಡಿ ಮನೆಗೆ ಕಳಿಸಿದರು. ಮುಂದೆ?

ಮಲಗಲು ಬಿಡಬಾರದು ಅಂತ ಹಳೆಯ ನಂಬಿಕೆ ಇದೆ. ರಾತ್ರಿಯೆಲ್ಲ ಕೆನ್ನೆ ತಟ್ಟಿ ತಟ್ಟಿ ಎಚ್ಚರ ಇಡುತ್ತಾರೆ. ಒಮ್ಮೆ ಪರೀಕ್ಷೆ ಆಗಿ ಮನೆಗೆ ಹೋಗಬಹುದು ಅಂದ ಮೇಲೆ ನಿದ್ದೆ ಒಳ್ಳೆಯದು, ಅದೇ ಔಷಧ. ಎಬ್ಬಿಸಿ ನೋಡಿ ಅಂತ ಡಾಕ್ಟರ್ ಹೇಳಿದ್ದರೆ ಮಾತ್ರ ಎಬ್ಬಿಸಿ. ಆದರೆ ಮೊದಲ 24 ಗಂಟೆ ಒಬ್ಬರೇ ಇರಬಾರದು. ನೋವಿಗೆ ಪ್ಯಾರಸಿಟಮಾಲ್ ಸಾಕು. ಮೆಡಿಕಲ್ ಅಂಗಡಿಯವನು ಕೊಡುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮೊದಲ ಎರಡು ದಿನ ಬೇಡ, ರಕ್ತ ಸೋರುವುದಿದ್ದರೆ ಹೆಚ್ಚಾಗುತ್ತದೆ. ನಿದ್ದೆ ಮಾತ್ರೆ ಬೇಡ. ಗುಂಡು ಹಾಕುವುದಂತೂ ಬೇಡವೇ ಬೇಡ. ಕುಡಿದ ಅಮಲೋ ತಲೆಯೊಳಗೆ ಸೋರಿದ ರಕ್ತ ಮಿದುಳನ್ನು ಒತ್ತುತ್ತಿರುವುದೋ ಅಂತ ದೇವರಿಗೂ ತಿಳಿಯುವುದಿಲ್ಲ. ಗಾಡಿ ಓಡಿಸಬೇಡಿ.

ಎರಡು ದಿನ ಆರಾಮ. ಆರಾಮ ಅಂದರೆ ಕತ್ತಲೆ ಕೋಣೆಯಲ್ಲಿ ಬಾಣಂತಿಯ ಹಾಗೆ ಮಲಗುವುದಲ್ಲ. ಮುಂಚೆ ನಾವೇ ಹಾಗೆ ಹೇಳುತ್ತಿದ್ದೆವು, ಈಗ ಬದಲಾಗಿದೆ. ಮನೆಯೊಳಗೆ ಓಡಾಡಿ, ಬಿಲ್ಡಿಂಗಿನ ಕೆಳಗೆ ನಿಧಾನ ನಡೆದು ಬನ್ನಿ. ಮೊಬೈಲ್, ಟಿವಿ ಈ ಎರಡು ದಿನ ಆದಷ್ಟು ಕಡಿಮೆ. ಆಮೇಲೆ ದಿನಕ್ಕಿಷ್ಟು ಅಂತ ಏರಿಸುತ್ತಾ ಹೋಗಿ. ಏನಾದರೂ ಮಾಡಿದಾಗ ತಲೆನೋವು ಸ್ವಲ್ಪ ಹೆಚ್ಚಾಗಿ ಬೇಗ ಇಳಿದರೆ ಪರವಾಗಿಲ್ಲ. ಜೋರಾದರೆ ಒಂದು ಮೆಟ್ಟಿಲು ಹಿಂದೆ ಬನ್ನಿ. ದೊಡ್ಡವರಲ್ಲಿ ಹೆಚ್ಚಿನವರು ಎರಡು ವಾರದಲ್ಲಿ, ಮಕ್ಕಳು ನಾಲ್ಕು ವಾರದೊಳಗೆ ಸರಿಹೋಗುತ್ತಾರೆ. ಅದು ದಾಟಿದರೆ ಮತ್ತೆ ತೋರಿಸಿ. ಕುತ್ತಿಗೆ, ಒಳಕಿವಿಯ ಸಮತೋಲನ ತಪ್ಪುವುದು, ನಿದ್ದೆ, ಮನಸ್ಸಿನ ಕುಗ್ಗು, ಇವಕ್ಕೆಲ್ಲ ಬೇರೆ ಬೇರೆ ಚಿಕಿತ್ಸೆ ಇದೆ.

ಮುಂಬೈಯಲ್ಲಿ ಒಂದು ಕಷ್ಟ. ಪುಸ್ತಕದಲ್ಲಿ ‘ಕೆಲಸಕ್ಕೆ ನಿಧಾನವಾಗಿ ಮರಳಿ’ ಅಂತ ಇರುತ್ತದೆ. ಇಲ್ಲಿ ಕೆಲಸಕ್ಕಿಂತ ಕೆಲಸಕ್ಕೆ ಹೋಗುವುದೇ ದೊಡ್ಡ ಕೆಲಸ. ನೂಕುನುಗ್ಗಲು, ಹಾರ್ನು, ಬಿಸಿಲು. ಆಫೀಸಿನಲ್ಲಿ ಕೂರಬಲ್ಲವರೂ ಡೊಂಬಿವಲಿಯಿಂದ ಸಿಎಸ್‌ಎಂಟಿ ಸ್ಟೇಷನ್ ತಲುಪುವಷ್ಟರಲ್ಲಿ ಮುಗಿದಿರುತ್ತಾರೆ. ಹಾಗಾಗಿ ಮೊದಲ ವಾರ ಮನೆಯಿಂದಲೇ ಕೆಲಸ, ಇಲ್ಲದಿದ್ದರೆ ಗದ್ದಲ ಕಡಿಮೆ ಇರುವ ಹೊತ್ತಿನ ಗಾಡಿ, ಅರ್ಧ ದಿನ. ಚೀಟಿಯಲ್ಲಿ ಬರೆದುಕೊಡಿ ಅಂತ ಡಾಕ್ಟರನ್ನು ಕೇಳಿ. ಕೇಳದಿದ್ದರೆ ನಾವು ಮರೆಯುತ್ತೇವೆ.

ಆಟ ಆಡುವ ಮಕ್ಕಳ ಅಪ್ಪ ಅಮ್ಮಂದಿರಿಗೆ. ಅನುಮಾನ ಬಂದರೆ ಅವತ್ತು ಮತ್ತೆ ಆಟಕ್ಕಿಲ್ಲ. ಫೈನಲ್ ಆದರೂ ಇಲ್ಲ. ಮೊದಲು ಶಾಲೆ, ಆಮೇಲೆ ಆಟ. ನಡಿಗೆ, ಸಣ್ಣ ಓಟ, ಒಬ್ಬನೇ ಅಭ್ಯಾಸ, ಆಮೇಲೆ ತಂಡದ ಜೊತೆ, ಕೊನೆಗೆ ಮ್ಯಾಚು. ಒಂದೊಂದು ಹಂತಕ್ಕೆ ಕಡಿಮೆ ಅಂದರೂ ಒಂದು ದಿನ. ನಡುವೆ ಡಾಕ್ಟರ ಒಪ್ಪಿಗೆ. ಹಳೆಯ ಸಿನಿಮಾಗಳಲ್ಲಿ ತಲೆಗೆ ಪೆಟ್ಟು ಬಿದ್ದು ನೆನಪು ಹೋದ ನಾಯಕನಿಗೆ ಇನ್ನೊಂದು ಪೆಟ್ಟು ಬಿದ್ದರೆ ನೆನಪು ವಾಪಸ್ ಬರುತ್ತಿತ್ತು. ನಿಜದಲ್ಲಿ ಮೊದಲನೆಯದು ಮಾಗುವ ಮುಂಚೆ ಬೀಳುವ ಎರಡನೇ ಪೆಟ್ಟಿನಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಅಪರೂಪಕ್ಕೆ ಮಿದುಳು ಊದಿಕೊಂಡು ಜೀವವೇ ಹೋದದ್ದಿದೆ. ಹಾಗೆಯೇ ದಹೀ ಹಂಡಿ, ಒಬ್ಬರ ಮೇಲೊಬ್ಬರು ಹತ್ತಿ ಮಡಕೆ ಒಡೆಯುವ ಆಟ. 14 ವರ್ಷದೊಳಗಿನವರನ್ನು ಹತ್ತಿಸುವುದಿಲ್ಲ ಅಂತ 2017ರಲ್ಲಿ ಬಾಂಬೆ ಹೈಕೋರ್ಟಿನ ಮುಂದೆ ಸರಕಾರವೇ ಹೇಳಿದೆ. ನಿಮ್ಮ ಗಲ್ಲಿಯಲ್ಲಿ ಮೇಲಿನ ಸಾಲಿನಲ್ಲಿ ಯಾರಿದ್ದಾರೆ ಅಂತ ಮುಂದಿನ ಸಲ ತಲೆ ಎತ್ತಿ ನೋಡಿ.

ಕೊನೆಯದಾಗಿ ಹೋಟೆಲಿನ ಹುಡುಗರ ಮಾತು. ನನ್ನ ತಂದೆ ಹಾಗೆಯೇ ಬಂದವರು. ಹಗಲು ಹೋಟೆಲು, ರಾತ್ರಿ ಕನ್ನಡ ಶಾಲೆ, ಮಲಗಲು ಅಡುಗೆಮನೆಯ ಮೇಲಿನ ಮಾಳಾ. ತಲೆ ಎತ್ತಿದರೆ ತೊಲೆಗೆ ಡಬ್ ಅಂತ ಬಡಿಯುವ ಮಾಳಾ. ಇವತ್ತೂ ಅಂಥ ಜಾಗ ಇವೆ. ಅಂಥ ಒಬ್ಬ ಹುಡುಗ, ಬೈಂದೂರು ಕಡೆಯವನು, ಜಾರಿ ಬಿದ್ದು ನಮ್ಮಲ್ಲಿ ಬಂದಿದ್ದ. ಮನೆಯಲ್ಲಿ ಏನೇನು ನೋಡಬೇಕು ಅನ್ನುವ ಕಾಗದ ಕೊಟ್ಟು ಕಳಿಸಿದ್ದೆ. ಮಾರನೆಯ ದಿನ ಬಂದಾಗ ಕೇಳಿದೆ, ರಾತ್ರಿ ಯಾರು ನೋಡಿಕೊಂಡರು? ‘ಯಾರೂ ಇಲ್ಲ ಡಾಕ್ಟ್ರೇ, ಎಲ್ರೂ ದುಡಿದು ಬಂದು ಮಲಗಿದ್ರು.’ ಕಾಗದ ಓದಿದೆಯಾ? ಅದು ಇಂಗ್ಲಿಷಿನಲ್ಲಿತ್ತು. ಕೊಟ್ಟವಳು ಕನ್ನಡದವಳು, ತೆಗೆದುಕೊಂಡವನು ಕನ್ನಡದವನು, ಕಾಗದ ಇಂಗ್ಲಿಷಿನದು. ಅವನಿಗೆ ಏನೂ ಆಗಲಿಲ್ಲ. ಆದರೆ ಆ ಇರುಳು ಆಗಿದ್ದರೆ ಬೆಳಿಗ್ಗೆಯವರೆಗೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದಕ್ಕೇ ಇವತ್ತು ಒಂದು ಪುಟದ ಕನ್ನಡ ಚೀಟಿ ತಂದಿದ್ದೇನೆ, ಬಾಗಿಲ ಹತ್ತಿರ ಇದೆ. ಹೋಟೆಲಿನವರು ನಾಲ್ಕು ಪ್ರತಿ ಜಾಸ್ತಿಯೇ ತೆಗೆದುಕೊಳ್ಳಿ. ಗೋಡೆಗೆ ಅಂಟಿಸಿ. ಹುಡುಗ ಬಿದ್ದ ದಿನ ಅವನ ಪಕ್ಕ ಮಲಗುವವನಿಗೆ ಮರುದಿನ ಬೆಳಗಿನ ಪಾಳಿ ಹಾಕಬೇಡಿ.

(ಪ್ರಶ್ನೆಗಳ ಹೊತ್ತಿನಲ್ಲಿ ಹಿಂದಿನ ಸಾಲಿನ ಒಬ್ಬರು ಎದ್ದು, ‘ಅಕ್ಕ, ನಮ್ಮ ಅತ್ತೆ ಗಣಪತಿ ಹಬ್ಬದ ಮುಂಚೆ ಬಚ್ಚಲಲ್ಲಿ ಜಾರಿದ್ರು, ಎಂಥದೂ ಆಗ್ಲಿಲ್ಲ. ಈ ವಾರ ಸಾರಿಗೆ ಎರಡೆರಡು ಸಲ ಉಪ್ಪು ಹಾಕ್ತಾರೆ, ನಡೆಯುವಾಗ ಎಡಗಾಲು ಎಳೀತಾರೆ. ವಯಸ್ಸಿನದ್ದಾ?’ ಅಂತ ಕೇಳಿದರು.)

ಎಷ್ಟು ವಯಸ್ಸು? 74. ಹಾರ್ಟಿನ ಮಾತ್ರೆ ಇದೆಯಾ? ಇದೆ. ಈಗ ಅವರು ಎಲ್ಲಿದ್ದಾರೆ? ಮನೆಯಲ್ಲಿ ಒಬ್ಬರೇ. ಹಾಗಾದರೆ ಉಳಿದವರ ಪ್ರಶ್ನೆ ಸ್ವಲ್ಪ ತಡೆಯಲಿ. ನೀವು ಹೊರಗೆ ಬನ್ನಿ, ನಿಮ್ಮ ಯಜಮಾನರಿಗೆ ಫೋನ್ ಹಚ್ಚಿ, ನಾನೇ ಮಾತಾಡುತ್ತೇನೆ. ಭಾನುವಾರವೂ ಸಿಟಿ ಆಗುವ ಕಡೆಗೆ ಕರೆದುಕೊಂಡು ಹೋಗಬೇಕು. ಹೌದು, ಇವತ್ತೇ. ಇಂಥದ್ದು ಸಿಕ್ಕರೆ ಬುರುಡೆಗೆ ಸಣ್ಣ ತೂತು ಮಾಡಿ ರಕ್ತ ತೆಗೆಯುತ್ತಾರೆ, ಎಷ್ಟೋ ಜನ ಮೊದಲಿನ ಹಾಗೆ ಆಗುತ್ತಾರೆ. ಅಲ್ಲಿಯವರೆಗೆ ಪಕ್ಕದ ಮನೆಯವರಿಗೆ ಹೇಳಿ, ಯಾರಾದರೂ ಹೋಗಿ ಅತ್ತೆಯ ಹತ್ತಿರ ಕೂರಲಿ.